ಏಪ್ರಿಲ್‌ನಲ್ಲಿ ಬರುವ ದುಡ್ಡು, ಜೂನ್‌ನಲ್ಲಿ ಬರುವ ಮಳೆ

ಫೆಬ್ರುವರಿ ಮುಗಿದು ಮಾರ್ಚ್ ಹಿಡಿಯಿತು ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಪತ್ರಿಕಾ ಪುಟಗಳಲ್ಲಿ ಬಜೆಟ್ ಸುದ್ದಿಗಳು ಸಾಲಾಗಿ ಬರುತ್ತವೆ. ಕಾರವಾರ, ಶಿರಸಿ, ದಾಂಡೇಲಿ ನಗರಸಭೆಗಳದ್ದು, ಕುಮಟಾ, ಅಂಕೋಲಾ ಪುರಸಭೆಗಳದ್ದು. ತಲೆಬರಹ ಬಹುತೇಕ ಒಂದೇ ಥರ. ಇಷ್ಟು ಲಕ್ಷ ರೂಪಾಯಿಯ ಉಳಿತಾಯ ಬಜೆಟ್ ಮಂಡನೆ. ಓದಿದವರು ಪುಟ ತಿರುಗಿಸುತ್ತಾರೆ. ದುಡ್ಡು ಉಳಿಯುತ್ತಿದೆ ಅಂದಮೇಲೆ ಮನೆ ಕರ ಯಾಕೆ ಏರಿಸಬೇಕು ಅನ್ನುವ ಮಾತು ಚಹಾ ಅಂಗಡಿಯಲ್ಲಿ ಒಂದೆರಡು ದಿನ ಓಡಾಡುತ್ತದೆ.

ಆ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡಬೇಕಾದರೆ ಬಜೆಟ್ ಪ್ರತಿಯನ್ನು ಕೈಯಲ್ಲಿ ಹಿಡಿದು ಓದಬೇಕು. ನಾನು ಶಿರಸಿಯಲ್ಲಿ ಇರುವವನು. ಕೆಲವು ವರ್ಷಗಳಿಂದ ಇಂಥ ಪ್ರತಿಗಳನ್ನು ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಗುತ್ತಾ ಬಂದಿದೆ. ನಮ್ಮಂಥ ಮಳೆಯ ಊರುಗಳಿಗೆ ಆಸ್ತಿ ತೆರಿಗೆಯಷ್ಟು ಉಪಯೋಗದ ದುಡ್ಡು ಬೇರೆ ಇಲ್ಲ. ಅದು ಎಷ್ಟು ಬರುತ್ತದೆ ಅನ್ನುವುದಕ್ಕಿಂತ ಯಾವಾಗ ಬರುತ್ತದೆ ಅನ್ನುವುದೇ ಅದಕ್ಕೆ ಕಾರಣ.

ಮೊದಲು ಆ ಉಳಿತಾಯದ ವಿಷಯ ಮುಗಿಸುತ್ತೇನೆ. ನಗರಸಭೆಯ ಬಜೆಟ್‌ನಲ್ಲಿ ಆರಂಭಿಕ ಶಿಲ್ಕು, ವರ್ಷವಿಡೀ ಬರಬಹುದಾದ ಹಣ, ಆಗಬಹುದಾದ ಖರ್ಚು ಇರುತ್ತವೆ. ಬರುವ ಹಣವನ್ನು ರಾಜಸ್ವ, ಬಂಡವಾಳ, ಅಸಾಧಾರಣ ಅಂತ ಮೂರು ತಲೆಬರಹದಲ್ಲಿ ಬರೆಯುತ್ತಾರೆ. ಈ ಅಸಾಧಾರಣ ಅನ್ನುವುದರಲ್ಲಿ ಗುತ್ತಿಗೆದಾರರ ಠೇವಣಿ ಸೇರಿರುತ್ತದೆ. ಸರ್ಕಾರಕ್ಕೆ ಕಟ್ಟಬೇಕಾದ ಉಪಕರವೂ ಸೇರಿರುತ್ತದೆ. ಅದು ಊರಿನ ದುಡ್ಡಲ್ಲ, ಊರಿನ ಕೈ ದಾಟಿ ಹೋಗುವ ದುಡ್ಡು. ಇನ್ನು ಬರುವ ಹಣದ ದೊಡ್ಡ ಪಾಲು ಸರ್ಕಾರದ ಅನುದಾನ. ಮಾರ್ಚ್‌ನಲ್ಲಿ ಅದು ಬರೀ ಅಂದಾಜು. ಅಂದಾಜಿನ ಪ್ರಕಾರ ಎಲ್ಲವೂ ಬಂದು, ಅಂದಾಜಿನ ಪ್ರಕಾರವೇ ಖರ್ಚಾದರೆ ಕೊನೆಗೆ ಇಷ್ಟು ಉಳಿಯುತ್ತದೆ ಅನ್ನುವುದೇ ಆ ತಲೆಬರಹ. ಅದನ್ನು ಖಜಾನೆಯಲ್ಲಿ ಇರುವ ದುಡ್ಡು ಅಂತ ಓದಬಾರದು. ಬಜೆಟ್ ಪ್ರತಿಯಲ್ಲಿ ಹಿಂದಿನ ವರ್ಷ ನಿಜವಾಗಿ ಬಂದದ್ದರ ಕಾಲಂ ಒಂದು ಇರುತ್ತದೆ. ಚಾಲ್ತಿ ವರ್ಷದ ಪರಿಷ್ಕೃತ ಅಂದಾಜು ಇನ್ನೊಂದರಲ್ಲಿ. ಮುಂದಿನ ವರ್ಷದ ಅಂದಾಜು ಮತ್ತೊಂದರಲ್ಲಿ. ನಾನು ಮೊದಲು ನೋಡುವುದು ನಿಜವಾಗಿ ಬಂದದ್ದರ ಕಾಲಂ. ಊರಿನ ಹಣೆಬರಹ ಇರುವುದು ಅಲ್ಲಿ.

ಅನುದಾನ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಕಾಯಂ ನೌಕರರ ಸಂಬಳ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ಬರುತ್ತದೆ. ಬೀದಿದೀಪ, ನೀರಿನ ಪಂಪಿನ ವಿದ್ಯುತ್ ಬಿಲ್ಲಿಗೂ ಬೇರೆಯೇ ಅನುದಾನ ಇದೆ. ಶಿರಸಿಗೆ ನೀರು ಕೆಂಗ್ರೆ ಮತ್ತು ಮಾರಿಗದ್ದೆಯಿಂದ ಮೇಲೆ ಬರಬೇಕು. ಕಾರವಾರಕ್ಕೆ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯಲ್ಲಿ ಗಂಗಾವಳಿಯಿಂದ ಎತ್ತಿ ತರಬೇಕು. ಪಂಪ್ ಓಡದೆ ನಲ್ಲಿಗೆ ಒಂದು ಹನಿಯೂ ಬರುವುದಿಲ್ಲ. ಅಂಥ ದೊಡ್ಡ ಖರ್ಚನ್ನು ಮೇಲಿನವರು ಹೊತ್ತಿರುವುದು ಒಳ್ಳೆಯದೇ. ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ನಮ್ಮಂಥ ಸಣ್ಣ ನಗರಗಳಿಗೆ ಕೊಟ್ಟ ಹಣದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅಂತ ಕಟ್ಟಿ ಹಾಕಿತ್ತು. ಉಳಿದ ಶೇ 40ಕ್ಕೆ ಮಾತ್ರ ಸ್ವಲ್ಪ ಸ್ವಾತಂತ್ರ್ಯ. ಅಂದರೆ ಮೇಲಿನಿಂದ ಬರುವ ದುಡ್ಡು ಯಾವ ಕೆಲಸಕ್ಕೆ ಅನ್ನುವುದು ಅಲ್ಲಿಂದಲೇ ಬರೆದುಕೊಂಡು ಬರುತ್ತದೆ. ಯಾವ ತಿಂಗಳು ಬರುತ್ತದೆ ಅನ್ನುವುದನ್ನೂ ಅವರೇ ನಿರ್ಧರಿಸುತ್ತಾರೆ. ಊರು ಕಾಯಬೇಕು.

ಹಿಂದೆ ಹೀಗಿರಲಿಲ್ಲ. ಪೇಟೆಗೆ ಸಾಮಾನು ಒಳಗೆ ಬರುವಾಗ ನಾಕೆಯಲ್ಲಿ ಜಕಾತಿ ವಸೂಲಿ ಆಗುತ್ತಿತ್ತು. ಅಡಿಕೆ, ಮೆಣಸು, ಮೀನಿನ ವ್ಯಾಪಾರ ಇರುವ ಊರುಗಳಿಗೆ ಅದು ದಿನದಿನದ ಆದಾಯ. ಕರ್ನಾಟಕದಲ್ಲಿ 1979ರಲ್ಲಿ ಜಕಾತಿ ರದ್ದಾಯಿತು. ಲಾರಿಗಳು ಸಾಲುಗಟ್ಟಿ ನಿಲ್ಲುವುದು ತಪ್ಪಿತು, ವ್ಯಾಪಾರಕ್ಕೆ ಅನುಕೂಲವೂ ಆಯಿತು. ಆದರೆ ಊರು ತಾನೇ ವಸೂಲು ಮಾಡುತ್ತಿದ್ದ ದುಡ್ಡಿನ ಜಾಗಕ್ಕೆ ಮೇಲಿನಿಂದ ಬರುವ ಪರಿಹಾರ ಬಂತು. 2017ರಲ್ಲಿ ಜಿಎಸ್‌ಟಿ ಬಂದಾಗ ಜಾಹೀರಾತು ತೆರಿಗೆಯೂ ಅದರೊಳಗೆ ಸೇರಿಹೋಯಿತು. ಹೀಗೆ ಒಂದೊಂದೇ ಕಳೆದು, ಈಗ ಊರಿನ ಕೈಯಲ್ಲಿ ಉಳಿದಿರುವುದು ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ವ್ಯಾಪಾರ ಪರವಾನಗಿ, ಕಟ್ಟಡ ಪರವಾನಗಿ ಶುಲ್ಕ, ಸಂತೆ ಸುಂಕ. ಇವುಗಳಲ್ಲಿ ದೊಡ್ಡದೂ ನಂಬಿಕೆಯದೂ ಆಸ್ತಿ ತೆರಿಗೆಯೇ. ಮನೆ ಎಲ್ಲಿಗೂ ಎದ್ದು ಹೋಗುವುದಿಲ್ಲ.

ಹೊರಗುತ್ತಿಗೆಯ ಮೇಲೆ ಇರುವ ಚಾಲಕರು, ನೀರು ಬಿಡುವವರು, ಇವರ ಕೂಲಿ ಹೋಗುವುದು ಬಹುಪಾಲು ಈ ಸ್ವಂತ ದುಡ್ಡಿನಿಂದ. ಒಡೆದ ಪೈಪ್, ಸುಟ್ಟುಹೋದ ಮೋಟರ್, ಕಸದ ಗಾಡಿಯ ಟೈರ್ ಎಲ್ಲಾ ಇದರಲ್ಲೇ ಆಗಬೇಕು. ಇದರಲ್ಲೇ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಅಂತ ಎತ್ತಿಡುವ ಪದ್ಧತಿ ಹಲವು ವರ್ಷಗಳಿಂದ ನಡೆದಿದೆ. ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪ್, ಒಬ್ಬರ ತ್ರಿಚಕ್ರ ವಾಹನ ಈ ಬಾಬ್ತಿನಿಂದ ಬರುತ್ತದೆ. ಕರ ಕಡಿಮೆ ವಸೂಲಾದರೆ ಅವರ ಪಾಲೂ ಅಷ್ಟೇ ಕುಗ್ಗುತ್ತದೆ. ಕರ ಉಳಿಸಿಕೊಂಡೆ ಅಂತ ಹೇಳುವವರು ಇದನ್ನು ನೆನೆಯಬೇಕು.

ನಮ್ಮ ಪಕ್ಕದ ಮನೆಯವರು ನಮಗೆ ದೂರದ ಸಂಬಂಧ. ಏಪ್ರಿಲ್‌ನಲ್ಲಿ ಕರ ತುಂಬಿ ಬಂದವರು ಬೇಲಿ ಆಚೆಯಿಂದಲೇ, "ವರ್ಷಾ ವರ್ಷಾ ಏರ್ತಾ ಹೋಗ್ತು ಭಾವಾ, ಯಾವ ಲೆಕ್ಕದ ಮೇಲೆ ಹೇಳಿ ಗೊತ್ತಾಗ್ತಿಲ್ಲೆ" ಅಂದರು. ಒಳಗೆ ಕರೆದು, ಕವಳದ ಬಟ್ಟಲು ಮುಂದಿಟ್ಟು, ಚಲನ್ ಹರಡಿಕೊಂಡು ಕೂತೆವು. ಆ ಲೆಕ್ಕ ಇಲ್ಲಿಯೂ ಬರೆಯುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ಗುಣಾಕಾರ ಸುಲಭ ಆಗಲಿ ಅಂತ ಇಟ್ಟುಕೊಂಡದ್ದು.

ಒಂದು ಗುಂಟೆಗಿಂತ ಸ್ವಲ್ಪ ದೊಡ್ಡ ನಿವೇಶನ, 30×40. ನೋಂದಣಿ ಇಲಾಖೆಯ ಮಾರ್ಗಸೂಚಿ ದರದ ಪ್ರಕಾರ ಅದರ ಬೆಲೆ 12 ಲಕ್ಷ ಅನ್ನಿ. ಮೇಲೆ ಒಂದು ಹಳೆಯ ಹೆಂಚಿನ ಮನೆ. ಕಟ್ಟಡದ ಬೆಲೆಯಲ್ಲಿ ಸವಕಳಿ ಕಳೆದ ಮೇಲೆ 8 ಲಕ್ಷ. ಒಟ್ಟು 20 ಲಕ್ಷ. ಇದರ ಪೂರ್ತಿ ಮೇಲೆ ತೆರಿಗೆ ಇಲ್ಲ. 2021ರ ತಿದ್ದುಪಡಿಯ ನಂತರ ಮಾರ್ಗಸೂಚಿ ಬೆಲೆಯ ಶೇ 25ರಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂದರೆ 5 ಲಕ್ಷ. ಊರು ನಿಗದಿ ಮಾಡಿದ ದರ ನೂರಕ್ಕೆ ಅರ್ಧ ರೂಪಾಯಿ ಅಂತ ಇಟ್ಟುಕೊಂಡರೆ ತೆರಿಗೆ 2,500 ರೂಪಾಯಿ.

ಇದರ ಮೇಲೆ ಉಪಕರ ಕೂರುತ್ತದೆ. ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಪರಿಹಾರಕ್ಕೆ ಶೇ 3, ನಗರ ಸಾರಿಗೆಗೆ ಶೇ 2. ಕೂಡಿಸಿದರೆ ಶೇ 26, ನಮ್ಮ ಉದಾಹರಣೆಯಲ್ಲಿ 650 ರೂಪಾಯಿ. ಕಸದ ಶುಲ್ಕ ಬೇರೆ. ಚಲನ್‌ನಲ್ಲಿ ಒಟ್ಟು ಮೊತ್ತ ನೋಡಿದವರಿಗೆ ಎಲ್ಲವನ್ನೂ ಊರೇ ಇಟ್ಟುಕೊಳ್ಳುತ್ತದೆ ಅನಿಸುತ್ತದೆ. ಆದರೆ ಈ 650 ರೂಪಾಯಿ ಊರಿನ ಗಟಾರಕ್ಕೂ ರಸ್ತೆಗೂ ಸಿಗುವುದಿಲ್ಲ. ಅದು ಆಯಾ ನಿಧಿಗೆ ಹೋಗಬೇಕಾದದ್ದು. ಗ್ರಂಥಾಲಯದ ಉಪಕರ ಮಾತ್ರ ನನಗೆ ಕೊಡಲು ಖುಷಿ ಆಗುತ್ತದೆ. ಸಂಜೆ ಹೊತ್ತು ಅಲ್ಲಿ ಪರೀಕ್ಷೆಗೆ ಓದುತ್ತಾ ಕೂತ ಹುಡುಗ ಹುಡುಗಿಯರನ್ನು ನೋಡಿದವರಿಗೆ ಅದು ಯಾಕೆ ಅಂತ ಹೇಳಬೇಕಿಲ್ಲ.

ಇನ್ನು ಏರಿಕೆ. 2005ರಿಂದ ಬಂಡವಾಳ ಮೌಲ್ಯದ ಪದ್ಧತಿಯಲ್ಲಿ, ಅಂದರೆ ಆಸ್ತಿಯ ಬೆಲೆಯ ಮೇಲೆ ತೆರಿಗೆ ಲೆಕ್ಕ ಹಾಕುವ ಪದ್ಧತಿಯಲ್ಲಿ, ಮೂರು ವರ್ಷಕ್ಕೊಮ್ಮೆ ಶೇ 15 ಏರುತ್ತಿತ್ತು. ಊರು ಮನಸ್ಸು ಮಾಡಿದರೆ ಶೇ 30ರ ತನಕ ಏರಿಸಬಹುದಿತ್ತು. ಜನರಿಗೆ ಒಮ್ಮೆಲೇ ಹೊರೆ ಬಿದ್ದಂತೆ ಆಗುತ್ತಿತ್ತು. ಈಗಿನ ನಿಯಮ ವರ್ಷಕ್ಕೆ ಶೇ 3ರಿಂದ 5. ನಮ್ಮ ಉದಾಹರಣೆಯ ಮನೆಗೆ ಶೇ 3 ಅಂದರೆ 75 ರೂಪಾಯಿ. ಶೇ 5 ಅಂದರೆ 125 ರೂಪಾಯಿ. ಮಾರ್ಚ್ ತಿಂಗಳ ಸಭೆಯಲ್ಲಿ ಗಲಾಟೆ ಆಗುವುದು, ಸದಸ್ಯರು ಎದ್ದು ನಿಂತು ಮಾತಾಡುವುದು ಈ 50 ರೂಪಾಯಿ ವ್ಯತ್ಯಾಸದ ಬಗ್ಗೆ. ಬೇಲಿ ಆಚೆಯ ಭಾವ ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಇದು ಇಷ್ಟೇಯನಾ?" ಅಂತ ಕೇಳಿದರು. ಇಷ್ಟೇ. ಇಂಥ ಹತ್ತು ಸಾವಿರ ಮನೆ ಇರುವ ಊರಲ್ಲಿ ಆ 50 ರೂಪಾಯಿ 5 ಲಕ್ಷ ಆಗುತ್ತದೆ.

ಈ ನಿಯಮ ಸುಮ್ನೆ ಬಂದದ್ದಲ್ಲ. 15ನೇ ಹಣಕಾಸು ಆಯೋಗ ನಗರಗಳಿಗೆ ಅನುದಾನ ಕೊಡಲು ಷರತ್ತು ಹಾಕಿತು. ರಾಜ್ಯಗಳು ಆಸ್ತಿ ತೆರಿಗೆಗೆ ಒಂದು ಕನಿಷ್ಠ ದರ ಅಧಿಸೂಚನೆ ಮಾಡಬೇಕು, ರಾಜ್ಯದ ಆರ್ಥಿಕತೆ ಬೆಳೆದ ವೇಗದಲ್ಲಿ ತೆರಿಗೆ ವಸೂಲಿಯೂ ಬೆಳೆಯಬೇಕು, ಲೆಕ್ಕಪತ್ರ ಆನ್‌ಲೈನ್‌ನಲ್ಲಿ ಇರಬೇಕು. ಇಲ್ಲವಾದರೆ ಅನುದಾನ ಇಲ್ಲ. ಹೀಗಾಗಿ ದರ ಏರಿಸುವುದಿಲ್ಲ ಅಂತ ಊರು ಹಟ ಹಿಡಿದರೆ ಕಳೆದುಕೊಳ್ಳುವುದು 75 ರೂಪಾಯಿ ಮಾತ್ರ ಅಲ್ಲ. ದರ ಏರಿಸಬಾರದು ಅಂತ ಭಾಷಣ ಮಾಡುವುದು ಸುಲಭ. ಅನುದಾನ ಕೈತಪ್ಪಿದರೆ ಆ ಕೆಲಸಕ್ಕೆ ದುಡ್ಡು ಎಲ್ಲಿಂದ ತರುತ್ತೀರಿ ಅಂತ ಅದೇ ಭಾಷಣದಲ್ಲಿ ಹೇಳಬೇಕು. ಅದನ್ನು ಹೇಳುವವರು ಕಡಿಮೆ.

ಈಗ ನಾನು ಹೇಳಬೇಕು ಅಂದುಕೊಂಡ ಮುಖ್ಯ ಮಾತಿಗೆ ಬರುತ್ತೇನೆ.

ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಜೂನ್ ಮೊದಲ ವಾರ ನಮ್ಮಲ್ಲಿ ಮಳೆ. ನಡುವೆ ಇರುವುದು ಎರಡೇ ತಿಂಗಳು. ಬಯಲುಸೀಮೆಯ ಊರಿನಲ್ಲಿ ಜುಲೈ, ಆಗಸ್ಟ್‌ನಲ್ಲೂ ರಸ್ತೆ ಕೆಲಸ ನಡೆಯಬಹುದು. ಇಲ್ಲಿ ನಡೆಯುವುದಿಲ್ಲ. ಕಾರವಾರದಂಥ ಕರಾವಳಿಯಲ್ಲಿ ವರ್ಷದ ಮಳೆ 3,000 ಮಿಲಿಮೀಟರ್ ಆಸುಪಾಸು. ಘಟ್ಟದ ಮೇಲಿನ ಶಿರಸಿಯಲ್ಲೂ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಡಾಂಬರು ಕೂರಬೇಕಾದರೆ ನೆಲ ಒಣಗಿರಬೇಕು. ಸೆಪ್ಟೆಂಬರ್ ಮುಗಿಯಬೇಕು, ಎಷ್ಟೋ ಸಲ ಅಕ್ಟೋಬರ್ ಕೂಡ. ಹಿಂಗಾರಿನ ಗುಡುಗು ಮಳೆ ಇನ್ನೂ ಬಾಕಿ ಇರುತ್ತದೆ. ಹಾಗಾಗಿ ನಮ್ಮ ಊರುಗಳಿಗೆ ಕೆಲಸದ ಕಾಲ ನವೆಂಬರ್‌ನಿಂದ ಮೇ ತನಕ ಮಾತ್ರ. ಅದರ ನಟ್ಟನಡುವೆ ಮಾರ್ಚ್ 31 ಬಂದು ಲೆಕ್ಕ ಮುಚ್ಚುತ್ತದೆ.

ಕಾಗದದ ದಾರಿಯನ್ನೂ ನೋಡಿ. ಬಜೆಟ್ ಒಪ್ಪಿಗೆ ಆಗಬೇಕು. ಅನುದಾನಕ್ಕೆ ಕ್ರಿಯಾ ಯೋಜನೆ ಮಾಡಿ ಜಿಲ್ಲಾಧಿಕಾರಿಗಳ ಅನುಮೋದನೆ ಪಡೆಯಬೇಕು. ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಒಂದೂ ಬೇಡದ್ದಲ್ಲ. ಸಾರ್ವಜನಿಕ ದುಡ್ಡು, ಬಿಗಿ ಇರಲೇಬೇಕು. ಆದರೆ ಏಪ್ರಿಲ್‌ನಲ್ಲಿ ಹೊರಟ ಕಾಗದ ಕಾರ್ಯಾದೇಶ ಆಗುವಷ್ಟರಲ್ಲಿ ಗಟಾರದಲ್ಲಿ ನೀರು ಹರಿಯುತ್ತಿರುತ್ತದೆ. ಆಮೇಲೆ ಡಿಸೆಂಬರ್‌ನಲ್ಲಿ ಕೆಲಸ ಹಿಡಿದು, ಮಾರ್ಚ್ ಕೊನೆಯ ವಾರ ಬಿಲ್ ಮಾಡುವ ಗಡಿಬಿಡಿ. 2024 ನೆನಪಿಸಿಕೊಳ್ಳಿ. ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 16ಕ್ಕೆ ಬಂತು, ಜೂನ್ ಮೊದಲ ವಾರದ ತನಕ ಇತ್ತು. ಹೊಸ ಕಾಮಗಾರಿ ಶುರು ಮಾಡುವಂತಿಲ್ಲ. ನೀತಿ ಸಂಹಿತೆ ಹೋಯಿತು, ಮಳೆ ಬಂತು. ಒಣ ಕಾಲದ ಅಮೂಲ್ಯ ತಿಂಗಳುಗಳು ಹಾಗೇ ಜಾರಿದವು.

ಇಂಥ ಕಾಲದಲ್ಲಿ ಊರಿನ ಕೈಗೆ ಸಮಯಕ್ಕೆ ಸರಿಯಾಗಿ ಬರುವ ದುಡ್ಡು ಆಸ್ತಿ ತೆರಿಗೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ. ಕೆಲವು ವರ್ಷ ಸರ್ಕಾರ ರಿಯಾಯಿತಿಯ ಅವಧಿ ಮುಂದೂಡಿದ್ದೂ ಇದೆ. ನಮ್ಮ ಜನ ರಿಯಾಯಿತಿ ಬಿಡುವವರಲ್ಲ. ಏಪ್ರಿಲ್ ಕೊನೆಯ ದಿನಗಳಲ್ಲಿ ಕೌಂಟರ್ ಮುಂದೆ ಸಾಲು ನೋಡಿದರೆ ಗೊತ್ತಾಗುತ್ತದೆ. ಅನುದಾನದ ಕಂತು ಇನ್ನೂ ಕಾಗದದಲ್ಲಿ ಇರುವಾಗ, ಈ ದುಡ್ಡು ಖಾತೆಗೆ ಬಂದು ಬಿದ್ದಿರುತ್ತದೆ. ಮಳೆಗೆ ಮೊದಲು ಆಗಬೇಕಾದ ಕೆಲಸವೂ ಅದೇ ಎರಡು ತಿಂಗಳಲ್ಲಿ ಇರುತ್ತದೆ. ಗಟಾರದ ಹೂಳು ತೆಗೆಯುವುದು. ಮೋರಿ ಬಾಯಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಎಳೆಯುವುದು. ಕುಸಿದ ಚಿರೇಕಲ್ಲಿನ ಪಿಚ್ಚಿಂಗ್ ಕಟ್ಟುವುದು. ಲೈನಿನ ಮೇಲೆ ಬಾಗಿದ ಟೊಂಗೆ ಕಡಿಸುವುದು. ಇವು ಹೊಸ ಕಾಮಗಾರಿ ಅಲ್ಲ, ನಿರ್ವಹಣೆ. ದೊಡ್ಡ ಯೋಜನೆಯ ಹೆಸರು ಇದಕ್ಕೆ ಇಲ್ಲ, ಉದ್ಘಾಟನೆಯ ಫಲಕವೂ ಇಲ್ಲ. ಅದಕ್ಕೇ ಬಜೆಟ್‌ನಲ್ಲಿ ಇದರ ಸಾಲು ತೆಳ್ಳಗಿರುತ್ತದೆ.

ಮಾಡಬೇಕಾದದ್ದು ಕಷ್ಟದ್ದಲ್ಲ ಅಂತ ನನಗೆ ಅನಿಸುತ್ತದೆ. ಹೂಳೆತ್ತುವುದಕ್ಕೆ ವಾರ್ಷಿಕ ಟೆಂಡರನ್ನು ಫೆಬ್ರುವರಿಯಲ್ಲೇ ಮುಗಿಸಿಡಬೇಕು. ಏಪ್ರಿಲ್‌ನಲ್ಲಿ ವಸೂಲಾದ ಆಸ್ತಿ ತೆರಿಗೆಯ ಇಂತಿಷ್ಟು ಪಾಲು ಮಳೆಗಾಲದ ತಯಾರಿಗೆ ಮಾತ್ರ ಅಂತ ಬಜೆಟ್‌ನಲ್ಲೇ ಬರೆಯಬೇಕು. ಮೇ 31ಕ್ಕೆ ಯಾವ ವಾರ್ಡಿನಲ್ಲಿ ಎಷ್ಟು ಮೀಟರ್ ಗಟಾರ ತೆಗೆದೆವು, ಎಷ್ಟು ಖರ್ಚಾಯಿತು ಅನ್ನುವ ಪಟ್ಟಿಯನ್ನು ಕಚೇರಿ ಗೋಡೆಗೆ ಹಚ್ಚಬೇಕು. ಶಿರಸಿ, ಕಾರವಾರದಲ್ಲಿ 31 ವಾರ್ಡ್. ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಆ ಹಾಳೆ ನೋಡಿದ ಮನುಷ್ಯ ಮುಂದಿನ ಏಪ್ರಿಲ್‌ನಲ್ಲಿ 75 ರೂಪಾಯಿ ಜಾಸ್ತಿ ಕೊಡಲು ತಕರಾರು ಮಾಡುವುದಿಲ್ಲ. ಕರ ಏರಿಸುವುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಈ ಹಾಳೆ ಇಲ್ಲದೆ ಏರಿಸಬಾರದು.

ಎರಡು ವರ್ಷಕ್ಕೊಮ್ಮೆ ಶಿರಸಿಗೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಮಾರಿಕಾಂಬಾ ಜಾತ್ರೆ. 2022ರಲ್ಲಿ, 2024ರಲ್ಲಿ ಮಾರ್ಚ್‌ನಲ್ಲಿ ನಡೆಯಿತು, ಅಂದರೆ ಸರಿಯಾಗಿ ಹಣಕಾಸು ವರ್ಷದ ಕೊನೆಗೆ. ಅಮ್ಮ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕೂತ ದಿನಗಳಲ್ಲಿ ಊರಿಗೆ ಬರುವ ಜನಕ್ಕೆ ಲೆಕ್ಕವಿಲ್ಲ. ನೀರು, ಶೌಚಾಲಯ, ಕಸ, ಬೆಳಕು ಎಲ್ಲಾ ಊರೇ ನೋಡಿಕೊಳ್ಳಬೇಕು. ಪೌರಕಾರ್ಮಿಕರು ರಾತ್ರಿ ಹಗಲು ದುಡಿಯುತ್ತಾರೆ. ಅವರ ಆ ದುಡಿಮೆ ನೋಡಿದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನಿಸುತ್ತದೆ. ಜಾತ್ರೆ ವರ್ಷದ ಬಜೆಟ್ಟನ್ನೂ ಜಾತ್ರೆ ಇಲ್ಲದ ವರ್ಷದ ಬಜೆಟ್ಟನ್ನೂ ಒಂದರ ಪಕ್ಕ ಒಂದಿಟ್ಟು ಏರಿತು, ಇಳಿಯಿತು ಅಂತ ಹೇಳುವುದು ಸರಿಯಲ್ಲ. ಜಾತ್ರೆ ಇಲ್ಲದ ವರ್ಷದಲ್ಲೇ ಸ್ವಲ್ಪ ಸ್ವಲ್ಪ ಎತ್ತಿಡಬೇಕು. ಮುಂದಿನ ಜಾತ್ರೆಯ ಕಾಲಕ್ಕೆ ಮಳೆಗಾಲದ ದುಡ್ಡಿಗೆ ಕೈ ಹಾಕುವ ಪ್ರಸಂಗ ಬರಬಾರದು.

ದರದ ಬಗ್ಗೆ ಇಷ್ಟು ಮಾತಾಡಿದೆ. ಆದರೆ ದರಕ್ಕಿಂತ ದೊಡ್ಡ ಪ್ರಶ್ನೆ ಪುಸ್ತಕದಲ್ಲಿ ಯಾರ ಹೆಸರು ಇದೆ ಅನ್ನುವುದು. ಮನೆ ಕಟ್ಟುವಾಗ ಒಂದು ಅಂತಸ್ತು, ಐದು ವರ್ಷದಲ್ಲಿ ಮೇಲೆ ಇನ್ನೊಂದು. ಕರ ಮಾತ್ರ ಹಳೆಯದೇ. ಜಗಲಿ ಇದ್ದ ಜಾಗದಲ್ಲಿ ಅಂಗಡಿ ಬಂದಿರುತ್ತದೆ. ಚಲನ್‌ನಲ್ಲಿ ಈಗಲೂ ವಾಸದ ಮನೆ. ನಮ್ಮ ಆಸ್ತಿಯ ವಿವರ ನಾವೇ ಬರೆದು ಕರ ಕಟ್ಟುವ ಸ್ವಯಂ ಘೋಷಣೆ ಅಂದರೆ ಊರು ನಮ್ಮ ಮಾತನ್ನು ನಂಬಿದೆ ಅಂತ ಅರ್ಥ. ನಂಬಿದವರಿಗೆ ಅರ್ಧ ಸತ್ಯ ಹೇಳಬಾರದು ಅಲ್ವಾ? ಎರಡು ಅಂತಸ್ತಿನವನು ಒಂದೇ ಅಂತಸ್ತಿಗೆ ಕಟ್ಟಿದರೆ, ಆ ಕೊರತೆಯನ್ನು ತುಂಬುವುದು ಪ್ರಾಮಾಣಿಕವಾಗಿ ಕಟ್ಟುವ ಹೆಂಚಿನ ಮನೆಯ ಅಜ್ಜಿ. ದರ ಏರಿದಾಗಲೆಲ್ಲ ಅವಳಿಗೇ ಏರುತ್ತದೆ.

ಖಾಲಿ ನಿವೇಶನಗಳು ಇನ್ನೊಂದು. ಊರಿನ ಅಂಚಿನ ಬಡಾವಣೆಗಳಲ್ಲಿ ನಾಲ್ಕು ಮನೆಗೆ ಎರಡು ಖಾಲಿ ಸೈಟು. ಒಡೆಯರು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತಾರೆ. ಬೆಲೆ ಏರಲಿ ಅಂತ ಬಿಟ್ಟಿರುತ್ತಾರೆ. ಕಾನೂನು ಖಾಲಿ ಜಾಗಕ್ಕೂ ತೆರಿಗೆ ಹಾಕಿದೆ, ಆದರೆ ಕಟ್ಟಡದ ಬೆಲೆ ಇಲ್ಲದ್ದರಿಂದ ಮೊತ್ತ ಸಣ್ಣದು. ಮೇಲಿನ ಉದಾಹರಣೆಯ ನಿವೇಶನವೇ ಖಾಲಿ ಇದ್ದರೆ ಲೆಕ್ಕಕ್ಕೆ ಬರುವುದು 3 ಲಕ್ಷ. ನೂರಕ್ಕೆ 20 ಪೈಸೆ ದರ ಹಿಡಿದರೆ 600 ರೂಪಾಯಿ. ಆದರೆ ರಸ್ತೆ ಆ ಸೈಟಿನ ಮುಂದೆಯೂ ಹೋಗಬೇಕು. ಪೈಪ್ ದಾಟಬೇಕು, ದೀಪದ ಕಂಬ ನಿಲ್ಲಬೇಕು. ಗಟಾರ ನಡುವೆ ತುಂಡಾದರೆ ನೀರು ಕೆಳಗಿನ ಮನೆಯ ಅಂಗಳಕ್ಕೇ ಬರುತ್ತದೆ. ಮಳೆ ಬಂದಾಗ ಆ ಸೈಟಿನಲ್ಲಿ ಆಳೆತ್ತರ ಕಳೆ, ನಿಂತ ನೀರು, ಸೊಳ್ಳೆ. ವಾಸದ ಮನೆಗೆ ಶೇ 3 ಏರಿಸಿ, ಖಾಲಿ ನಿವೇಶನಕ್ಕೆ ಕಾನೂನು ಬಿಡುವ ಗರಿಷ್ಠ ದರ ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮನೆ ಕಟ್ಟಲು ಕಾಸು ಕೂಡಿಸುತ್ತಿರುವ ಬಡವರಿಗೆ ಸಣ್ಣ ಸೈಟಿನಲ್ಲಿ ಕೆಲವು ವರ್ಷದ ವಿನಾಯಿತಿ ಬೇಕು ಅಂತ ಸರ್ಕಾರದ ಮುಂದೆ ಕೇಳಲಿ, ನಾನೂ ಸಹಿ ಹಾಕುತ್ತೇನೆ. 2025ರಲ್ಲಿ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ಬಿ-ಖಾತಾ, ಅಂದರೆ ಕರ ವಸೂಲಿಗೆ ಮಾಡುವ ಪ್ರತ್ಯೇಕ ದಾಖಲೆ, ಕೊಡಲು ರಾಜ್ಯ ಸರ್ಕಾರ ಶುರು ಮಾಡಿತು. ಅದರಿಂದ ಪುಸ್ತಕದ ಹೊರಗಿದ್ದ ಎಷ್ಟೋ ಹೆಸರು ಒಳಗೆ ಬರುತ್ತವೆ. ಬಂದ ಆ ಹೊಸ ಕರ ಅದೇ ಬಡಾವಣೆಗಳ ಗಟಾರಕ್ಕೆ ಮೊದಲು ಹೋಗಬೇಕು.

ಕಾರವಾರದ ಕಷ್ಟ ಬೇರೆ ಥರದ್ದು. ಅದು ಜಿಲ್ಲಾ ಕೇಂದ್ರ. ಜಿಲ್ಲಾಧಿಕಾರಿ ಕಚೇರಿ, ನ್ಯಾಯಾಲಯ, ವೈದ್ಯಕೀಯ ಕಾಲೇಜು, ಬಂದರು, ವಸತಿಗೃಹ. ಊರಿನ ಒಳ್ಳೊಳ್ಳೆಯ ಜಾಗದಲ್ಲಿ ಸರ್ಕಾರದ ಕಟ್ಟಡಗಳೇ ಇವೆ. ಸರ್ಕಾರದ ಆಸ್ತಿಗೆ ತೆರಿಗೆ ವಿನಾಯಿತಿ ಇದೆ. ಕೇಂದ್ರದ ಆಸ್ತಿಗೆ ಸಂವಿಧಾನದ 285ನೇ ವಿಧಿಯ ರಕ್ಷಣೆ. ಆದರೂ ರಸ್ತೆ, ದೀಪ, ಕಸದ ಸೇವೆ ಪುಕ್ಕಟೆ ಅಲ್ಲ. ರಾಜ್‌ಕೋಟ್ ಪಾಲಿಕೆಯ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ದಾರಿ ಆಯಿತು. ಕೇಂದ್ರದ ಕಟ್ಟಡಗಳು ತೆರಿಗೆ ಕಟ್ಟುವುದಿಲ್ಲ, ಆದರೆ ಸೇವಾ ಶುಲ್ಕ ಕಟ್ಟಬೇಕು. ಎಷ್ಟು ಸೇವೆ ಪಡೆಯುತ್ತಾರೆ ಅನ್ನುವುದರ ಮೇಲೆ ತೆರಿಗೆಯ ಶೇ 75, ಶೇ 50 ಅಥವಾ ಮೂರನೇ ಒಂದು ಪಾಲು. ನಗರಸಭೆಯ ವ್ಯಾಪ್ತಿಯಲ್ಲಿ ಕೇಂದ್ರ ಸರ್ಕಾರದ ಕಚೇರಿ ಇರುವ ಯಾವುದೇ ಊರು ಈ ಬೇಡಿಕೆಯ ನೋಟಿಸನ್ನು ಪ್ರತಿ ವರ್ಷ ತಪ್ಪದೆ ಕಳಿಸಬೇಕು. ಬಜೆಟ್ ಪ್ರತಿಯಲ್ಲಿ ಸೇವಾ ಶುಲ್ಕದ ಸಾಲಿನ ಮುಂದೆ ಎಷ್ಟು ಬರೆದಿದೆ ಅಂತ ಕಾರವಾರದ ಸ್ನೇಹಿತರು ಒಮ್ಮೆ ನೋಡಲಿ.

ಇದನ್ನೆಲ್ಲ ಎಲ್ಲಿ ಹೇಳುವುದು ಅನ್ನುವುದು ಮುಂದಿನ ಪ್ರಶ್ನೆ. ಹಳ್ಳಿಯಲ್ಲಿ ಗ್ರಾಮ ಸಭೆ ಇದೆ. ಸಾಮಾನ್ಯ ಮನುಷ್ಯ ಎದ್ದು ನಿಂತು ಈ ರಸ್ತೆ ಯಾಕೆ ಆಗಲಿಲ್ಲ ಅಂತ ಕೇಳಬಹುದು. ಅದೇ ಮನುಷ್ಯ ಶಿರಸಿ ಪೇಟೆಗೆ ಬಂದು ಮನೆ ಮಾಡಿದರೆ ಆ ಹಕ್ಕು ಕಳೆದುಕೊಳ್ಳುತ್ತಾನೆ. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಹೆಚ್ಚು ಜನ ಇರುವ ನಗರಗಳಿಗೆ. 2011ರ ಜನಗಣತಿಯಲ್ಲಿ ಶಿರಸಿ, ಕಾರವಾರ ಎರಡೂ ಒಂದು ಲಕ್ಷದ ಒಳಗೇ ಇದ್ದವು. ಸಣ್ಣ ನಗರದವರಿಗೆ ಗ್ರಾಮ ಸಭೆಯೂ ಇಲ್ಲ, ವಾರ್ಡ್ ಸಮಿತಿಯೂ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. 2018ರಲ್ಲಿ ಚುನಾವಣೆ ಆಗಿ, ಅಧ್ಯಕ್ಷ ಸ್ಥಾನದ ಮೀಸಲಾತಿ ತಕರಾರಿನಿಂದ 2020ರ ಕೊನೆಯ ತನಕ ರಾಜ್ಯದ ಎಷ್ಟೋ ಊರುಗಳಲ್ಲಿ ಅಧ್ಯಕ್ಷರೇ ಇರಲಿಲ್ಲ. ಗೆದ್ದ ಸದಸ್ಯರು ಮನೆಯಲ್ಲಿ, ಬಜೆಟ್ ಆಡಳಿತಾಧಿಕಾರಿಯ ಮೇಜಿನ ಮೇಲೆ. ಅಧಿಕಾರಿಗಳು ಕೆಟ್ಟದ್ದು ಮಾಡಿದರು ಅಂತಲ್ಲ. ಆದರೆ ಕರದ ದರವನ್ನು ಕರ ಕಟ್ಟುವವರ ಪ್ರತಿನಿಧಿ ಇಲ್ಲದೆ ನಿಗದಿ ಮಾಡುವುದು ಸರಿಯಲ್ಲ.

ಉಳಿದಿರುವುದು ಬಜೆಟ್ ಪೂರ್ವಭಾವಿ ಸಭೆ ಒಂದೇ. ಡಿಸೆಂಬರ್, ಜನವರಿಯ ಆಸುಪಾಸಿನಲ್ಲಿ ಸಾರ್ವಜನಿಕರ ಸಲಹೆ ಕೇಳಲು ಕರೆಯುತ್ತಾರೆ. ಪತ್ರಿಕೆಯ ಮೂಲೆಯಲ್ಲಿ ಸಣ್ಣ ಪ್ರಕಟಣೆ ಬರುತ್ತದೆ. ಅಡಿಕೆ ಕೊಯ್ಲು, ಸುಲಿಯುವ ಕಾಲ, ಮದುವೆ ಮುಂಜಿ, ಯಕ್ಷಗಾನದ ಹೊತ್ತು ಅದು. ಹೋಗುವವರು ಕೆಲವರೇ. ಹೋದವರು ತಮ್ಮ ಓಣಿಯ ದೀಪ, ತಮ್ಮ ಬಸ್ ತಂಗುದಾಣದ ಮಾತು ಹೇಳಿ ಬರುತ್ತಾರೆ. ಹೆದ್ದಾರಿಯ ಗುಂಡಿಯ ಬಗ್ಗೆಯೂ ಅಲ್ಲೇ ಸಿಟ್ಟು ಮಾಡುತ್ತಾರೆ, ಅದು ನಗರಸಭೆಯ ರಸ್ತೆಯೇ ಅಲ್ಲ. ಅಲ್ಲಿ ಕೇಳಬೇಕಾದದ್ದು ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ. ಕಚೇರಿಯವರು ಅದನ್ನು ಡಿಸಿಬಿ ಅನ್ನುತ್ತಾರೆ. ಎಷ್ಟು ಆಸ್ತಿ ಪುಸ್ತಕದಲ್ಲಿದೆ, ಈ ವರ್ಷ ಎಷ್ಟು ಬರಬೇಕಿತ್ತು, ಎಷ್ಟು ಬಂತು, ಹಳೆಯ ಬಾಕಿ ಎಷ್ಟು, ಎಲ್ಲಾ ಆ ಒಂದು ಪಟ್ಟಿಯಲ್ಲಿ ಸಿಗುತ್ತದೆ. ಬಾಕಿ ದೊಡ್ಡದಿದ್ದರೆ ಮೊದಲು ವಸೂಲು ಮಾಡಿ, ಆಮೇಲೆ ದರದ ಮಾತು ಅಂತ ನಾವು ಹೇಳಬಹುದು. ಬಾಕಿ ಸಣ್ಣದಿದ್ದರೆ ಏರಿಕೆಗೆ ಒಪ್ಪಲೇಬೇಕು.

ಮುಂದಿನ ಪೂರ್ವಭಾವಿ ಸಭೆಗೆ ನಾನೂ ಭಾವನೂ ಒಟ್ಟಿಗೆ ಹೋಗುವುದು ಅಂತ ಮಾತಾಗಿದೆ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದು ಬರುತ್ತೇವೆ. ಅದರಲ್ಲಿ ವಾಸದ ಮನೆಗೆ ಶೇ 3, ಖಾಲಿ ನಿವೇಶನಕ್ಕೆ ಗರಿಷ್ಠ ದರ, ಏಪ್ರಿಲ್ ವಸೂಲಿಯಲ್ಲಿ ಮಳೆಗಾಲದ ತಯಾರಿಗೆ ಮೊದಲ ಪಾಲು, ಮೇ 31ಕ್ಕೆ ವಾರ್ಡುವಾರು ಪಟ್ಟಿ ಅಂತ ಬರೆದಿದೆ. ಜೊತೆಗೆ ನಮ್ಮ ಓಣಿಯ ಗಟಾರದ ಅಳತೆಯನ್ನೂ ಟೇಪ್ ಹಿಡಿದು ಬರೆದು ಲಗತ್ತಿಸುತ್ತೇವೆ. ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಎಲ್ಲಿ ತುಂಡಾಗಿದೆ, ನೀರು ಯಾವ ಹಳ್ಳಕ್ಕೆ ಸೇರಬೇಕು ಅಂತ.